ನೋಟದ ಕ್ರಮ, ವಾಕ್ಯದ ಕ್ರಮ

ವರ್ಣನೆಯ ಗದ್ಯವನ್ನು ಕಲಿಸುವ ಕೈಪಿಡಿಗಳು ಉದ್ದ ವಾಕ್ಯದ ಬೆನ್ನಿಗೆ ಗಿಡ್ಡ ವಾಕ್ಯವನ್ನಿಡಬೇಕೆಂದೂ ಪುಟ ದಟ್ಟವಾಗುವ ಮುನ್ನ ಪ್ಯಾರಾ ಮುರಿಯಬೇಕೆಂದೂ ಸಾಮಾನ್ಯವಾಗಿ ಸಲಹೆ ಕೊಡುತ್ತವೆ. ಓದುಗನಿಗೆ ಬೇಸರವಾಗದಿರಲಿ ಎಂಬ ಈ ಕಾಳಜಿ ತಪ್ಪಲ್ಲ. ಆದರೆ ವೈವಿಧ್ಯವೆಂದರೆ ಬೇಸರಕ್ಕೆ ಮದ್ದು ಎಂದಷ್ಟೇ ತಿಳಿದಾಗ, ವಾಕ್ಯದ ಅಳತೆಯು ವರ್ಣಿಸಬೇಕಾದ ವಸ್ತುವಿಗೆ ಸಂಬಂಧವಿಲ್ಲದ್ದಾಗಿ, ಬರೆದು ಮುಗಿಸಿದ ಮೇಲೆ ತೊಡಿಸುವ ಒಡವೆಯಂತಾಗುತ್ತದೆ. ವಾಕ್ಯದ ಉದ್ದ, ಕ್ರಿಯಾಪದ ಬೀಳುವ ಜಾಗ, ಪ್ಯಾರಾ ಮುಗಿಯುವ ಜಾಗ ಈ ಮೂರೂ ನೋಡುವ ಮನಸ್ಸಿನ ಗಮನ ಎಲ್ಲಿ ನಿಂತಿತು, ಎಲ್ಲಿ ಕದಲಿತು ಎಂಬುದನ್ನು ಹೇಳುವ ಸಾಧನಗಳು. ನೋಟ ಬದಲಾಗದ ಕಡೆ ವಾಕ್ಯವನ್ನು ಬದಲಿಸಿದರೆ ವರ್ಣನೆ ಸುಳ್ಳಾಗುತ್ತದೆ.

ಇದರ ಬುಡದಲ್ಲಿರುವ ಸಮಸ್ಯೆಯನ್ನು ಜರ್ಮನ್ ವಿಮರ್ಶಕ ಲೆಸಿಂಗ್ 1766ರ ತನ್ನ ‘ಲಾವೊಕೂನ್’ ಗ್ರಂಥದಲ್ಲಿ ಸ್ಪಷ್ಟವಾಗಿ ಮಂಡಿಸಿದ್ದಾನೆ. ಚಿತ್ರದಲ್ಲಿ ವಸ್ತುಗಳು ಅಕ್ಕಪಕ್ಕದಲ್ಲಿ ಏಕಕಾಲಕ್ಕೆ ಇರುತ್ತವೆ, ಮಾತಿನಲ್ಲಾದರೋ ಪದಗಳು ಒಂದರ ಹಿಂದೊಂದು ಬರುತ್ತವೆ; ಆದ್ದರಿಂದ ಮಾತಿಗೆ ಒಗ್ಗುವುದು ನಡೆಯುವ ಕ್ರಿಯೆಯೇ ಹೊರತು ನಿಂತ ವಸ್ತುವಲ್ಲ ಎಂಬುದು ಅವನ ವಾದ. ಹೋಮರನು ಅಕಿಲೀಸನ ಗುರಾಣಿಯನ್ನು ಸಿದ್ಧವಸ್ತುವಾಗಿ ಬಣ್ಣಿಸದೆ, ಹೆಫೀಸ್ಟಸನ ಕುಲುಮೆಯಲ್ಲಿ ಅದು ರೂಪುಗೊಳ್ಳುತ್ತಿರುವುದನ್ನೇ ತೋರಿಸಿದ್ದು ಇದಕ್ಕೆ ಅವನು ಕೊಡುವ ಸಾಕ್ಷ್ಯ. ಸಮಸ್ಯೆಯ ನಿರೂಪಣೆ ಸರಿಯಾಗಿದೆ, ತೀರ್ಮಾನ ಮಾತ್ರ ಅವಸರದ್ದು. ಪದಗಳು ಸಾಲಾಗಿ ಬರುತ್ತವೆಂಬುದು ನಿಜವಾದರೂ ಅರ್ಥವು ಪದಪದಕ್ಕೂ ಮುಗಿಯುವುದಿಲ್ಲ. ವಾಕ್ಯ ಪೂರ್ಣವಾಗುವ ತನಕ ಮನಸ್ಸು ಬಂದುದನ್ನೆಲ್ಲ ಹಿಡಿದುಕೊಂಡೇ ಇರುತ್ತದೆ, ಮತ್ತು ಆ ಅವಧಿಯಲ್ಲಿ ಹಿಂದುಮುಂದಾಗಿ ಬಂದ ಸಂಗತಿಗಳು ಒಟ್ಟಿಗಿರುವ ಅನುಭವವನ್ನು ಕೊಡಬಲ್ಲವು. ಒಮ್ಮೆಗೇ ಕಂಡದ್ದನ್ನು ಒಂದು ವಾಕ್ಯದ ಆಶ್ರಯದಲ್ಲಿ ಇಡುವುದಕ್ಕೂ ಅದನ್ನೇ ಆರು ವಾಕ್ಯಗಳಾಗಿ ಒಡೆಯುವುದಕ್ಕೂ ಇರುವ ವ್ಯತ್ಯಾಸದ ಮೂಲ ಇಲ್ಲಿದೆ.

ಈ ಹಿಡಿದಿಡುವ ಶಕ್ತಿ ಕನ್ನಡ ವಾಕ್ಯಕ್ಕೆ ಧಾರಾಳವಾಗಿದೆ, ಏಕೆಂದರೆ ಇಲ್ಲಿ ಪೂರ್ಣ ಕ್ರಿಯಾಪದ ಸಹಜವಾಗಿ ಕೊನೆಗೆ ಬರುತ್ತದೆ. ಅದಕ್ಕೆ ಮುಂಚೆ ಎರಡು ಬಗೆಯ ಅಪೂರ್ಣ ಕ್ರಿಯಾರೂಪಗಳು ಸೇರಬಹುದು: ‘ಇಳಿದು’, ‘ಚದುರಿ’ ಎಂಬಂತೆ ಮುಂದಿನ ಕ್ರಿಯೆಯನ್ನು ಬಯಸುವ ಕೃದಂತಾವ್ಯಯಗಳು, ಮತ್ತು ‘ಇಳಿಯುವ’, ‘ಚದುರಿದ’ ಎಂಬಂತೆ ಮುಂದಿನ ನಾಮಪದಕ್ಕೆ ವಿಶೇಷಣವಾಗುವ ಕೃದಂತನಾಮಗಳು. ಜೋಗದಲ್ಲಿ ಶರಾವತಿಯ ರಾಜಾ ಎಂಬ ಕವಲು ಸುಮಾರು 253 ಮೀಟರ್ ಆಳಕ್ಕೆ ಧುಮುಕುವುದನ್ನು ಬಣ್ಣಿಸಲು ಹೊರಟವರ ಮುಂದೆ ಇದರಿಂದಾಗಿ ಎರಡು ದಾರಿಗಳು ತೆರೆಯುತ್ತವೆ. ‘ಎದುರಿಗೆ ರಾಜಾ ಇದೆ, ಅದು ಬಂಡೆಯ ಅಂಚಿನಿಂದ ನೇರವಾಗಿ ಇಳಿಯುತ್ತದೆ, ಅದರ ಹನಿಗಳು ಮಂಜಾಗಿ ಮೇಲೇಳುತ್ತವೆ’ ಎನ್ನುವುದು ಒಂದು. ‘ಬಂಡೆಯ ಅಂಚನ್ನು ಬಿಟ್ಟು, ನಡುವೆ ಎಲ್ಲಿಯೂ ತಂಗದೆ, ಕಣಿವೆಯ ತಳ ಮುಟ್ಟಿ ಮಂಜಾಗಿ ಮತ್ತೆ ಮೇಲೇಳುವ ರಾಜಾ’ ಎನ್ನುವುದು ಇನ್ನೊಂದು. ಮೊದಲನೆಯದರಲ್ಲಿ ಹೆಸರು ಮುಂಚೆ ಬಂದು ನೋಟ ಆಮೇಲೆ ಬರುತ್ತದೆ. ಅಲ್ಲಿ ಮಾತಾಡುತ್ತಿರುವವನು ಜಾಗವನ್ನು ಆಗಲೇ ಬಲ್ಲವನು, ಬಂದವರಿಗೆ ತೋರಿಸುತ್ತಿರುವವನು. ಎರಡನೆಯದರಲ್ಲಿ ಚಲನೆಯೇ ಮುಂದಾಗಿ, ಚಲಿಸುತ್ತಿರುವುದು ಏನೆಂಬುದು ಕೊನೆಯಲ್ಲಿ ಗೊತ್ತಾಗುತ್ತದೆ. ಅದು ಮೊದಲ ಸಲ ಆ ಅಂಚಿಗೆ ಬಂದು ನಿಂತವನ ಕಣ್ಣು.

ನ್ಯಾಯದರ್ಶನದ ಪರಿಭಾಷೆ ಇಲ್ಲಿ ನೆರವಿಗೆ ಬರುತ್ತದೆ. ನೈಯಾಯಿಕರು ಪ್ರತ್ಯಕ್ಷಜ್ಞಾನವನ್ನು ನಿರ್ವಿಕಲ್ಪಕ, ಸವಿಕಲ್ಪಕ ಎಂದು ವಿಂಗಡಿಸುತ್ತಾರೆ: ಹೆಸರು, ಜಾತಿ, ಗುಣಗಳ ಸಂಬಂಧ ಇನ್ನೂ ಕೂಡಿಕೊಳ್ಳದ ಬರಿಯ ಅರಿವು ಮೊದಲನೆಯದು, ‘ಇದು ಇಂಥದು’ ಎಂದು ವಿಶೇಷಣವೂ ವಿಶೇಷ್ಯವೂ ಕೂಡಿಕೊಂಡ ಅರಿವು ಎರಡನೆಯದು. ವಿಶೇಷಣದ ಅರಿವಿಲ್ಲದೆ ವಿಶಿಷ್ಟದ ಅರಿವು ಹುಟ್ಟದೆಂಬುದು ಅವರ ಸಿದ್ಧಾಂತ. ಮಾತಾಗಿ ಬಂದದ್ದೆಲ್ಲ ಸವಿಕಲ್ಪಕವೇ ಆದ್ದರಿಂದ ಯಾವ ವಾಕ್ಯವೂ ಮೊದಲ ಹಂತವನ್ನು ಹಾಗೆಯೇ ಹಿಡಿದುಕೊಡಲಾರದು. ಆದರೆ ವಿಶೇಷಣಗಳನ್ನೆಲ್ಲ ಮುಂದೆ ಬಿಟ್ಟು ವಿಶೇಷ್ಯವನ್ನು ತಡೆದಿಟ್ಟುಕೊಳ್ಳುವ ಕನ್ನಡದ ಪದಕ್ರಮವು, ಬಿಡಿಬಿಡಿಯಾದ ಅರಿವುಗಳು ಕೂಡಿ ಒಂದು ವಸ್ತುವಾಗುವ ಗಳಿಗೆಯನ್ನು ಓದುಗನ ಮನಸ್ಸಿನಲ್ಲಿಯೇ ಮತ್ತೆ ನಡೆಸಬಲ್ಲದು. ಕನ್ನಡ ಗದ್ಯದ ಈ ಸಾಮರ್ಥ್ಯವನ್ನು ಶಾಲೆಯ ಪ್ರಬಂಧಪಾಠ ಗಮನಿಸದಿರುವುದು ನಿಜಕ್ಕೂ ವಿಷಾದದ ಸಂಗತಿ.

ಆ ಸಾಮರ್ಥ್ಯಕ್ಕೆ ಮಿತಿಯೂ ಇದೆ. ಗದ್ಯದ ಅಳತೆಯನ್ನು ಕುರಿತು ಹಿಂದಿನ ಲಾಕ್ಷಣಿಕರು ಯೋಚಿಸಿದ್ದರು. ವಾಮನನು ಛಂದಸ್ಸಿನ ತುಣುಕುಗಳು ಸುಳಿಯುವ ಗದ್ಯವನ್ನು ವೃತ್ತಗಂಧಿಯೆಂದೂ, ಬಿಡಿಬಿಡಿಯಾದ ಲಲಿತ ಪದಗಳದನ್ನು ಚೂರ್ಣವೆಂದೂ, ದೀರ್ಘ ಸಮಾಸಗಳಿಂದ ಉಕ್ಕುವುದನ್ನು ಉತ್ಕಲಿಕಾಪ್ರಾಯವೆಂದೂ ಕರೆದ. ಬಾಣನ ‘ಕಾದಂಬರಿ’ಯಲ್ಲಿ ವಿಂಧ್ಯಾಟವಿಯ ವರ್ಣನೆ ‘ಇದೆ’ ಎಂಬರ್ಥದ ಕ್ರಿಯಾಪದದಿಂದಲೇ ಹೊರಟು, ವಿಶೇಷಣದ ಮೇಲೆ ವಿಶೇಷಣವನ್ನು ಪೇರಿಸುತ್ತ, ಕಾಡಿನ ಹೆಸರನ್ನು ಬಹುದೂರ ತಡೆಹಿಡಿಯುತ್ತದೆ. ಸಂಸ್ಕೃತದಲ್ಲಿ ಪ್ರತಿಯೊಂದು ವಿಶೇಷಣವೂ ವಿಶೇಷ್ಯದ ಲಿಂಗ, ವಚನ, ವಿಭಕ್ತಿಗಳನ್ನು ಹೊತ್ತಿರುವುದರಿಂದ ಎಷ್ಟು ದೂರದಲ್ಲಿದ್ದರೂ ಅದರ ನಂಟು ತಪ್ಪುವುದಿಲ್ಲ. ಕನ್ನಡದ ಕೃದಂತನಾಮಕ್ಕೆ ಅಂಥ ಗುರುತಿಲ್ಲ. ‘ಹೊಳೆ ದಾಟಿ ಬಂದ ರೈತನ ಮಗ’ ಎಂದರೆ ದಾಟಿದವನು ತಂದೆಯೋ ಮಗನೋ ಎಂಬುದನ್ನು ವಾಕ್ಯ ತಾನಾಗಿ ಹೇಳುವುದಿಲ್ಲ. ಬಾಣನ ಉದ್ದವನ್ನು ಕನ್ನಡಕ್ಕೆ ತರುವ ಉತ್ಸಾಹದಲ್ಲಿ ಈ ನಂಟು ಸಡಿಲವಾಗುವ ಕಡೆಯೆಲ್ಲ ವಾಕ್ಯವನ್ನು ಒಡೆಯಲೇಬೇಕಾಗುತ್ತದೆ. ಲಯ ಎಷ್ಟೇ ಸೊಗಸಾಗಿದ್ದರೂ ಅರ್ಥಕ್ಕೆ ಮೊದಲ ಮನ್ನಣೆ.

ಇನ್ನು ಏಕತಾನತೆಯ ಮಾತು. ಕನ್ನಡದ ವರ್ಣನೆಯನ್ನು ಸಪ್ಪೆಯಾಗಿಸುವುದು ಬಹುಮಟ್ಟಿಗೆ ವಾಕ್ಯಗಳ ಸಮಾನ ಉದ್ದವಲ್ಲ, ಅವುಗಳ ಸಮಾನ ಕೊನೆ. ಮನೆಯಿತ್ತು, ಅಂಗಳವಿತ್ತು, ಅಂಗಳದ ನಡುವೆ ತುಳಸಿಕಟ್ಟೆಯಿತ್ತು, ಕಟ್ಟೆಯ ಆಚೆಗೆ ಕೊಟ್ಟಿಗೆಯಿತ್ತು ಎಂದು ಸಾಗುವ ಬರವಣಿಗೆಯಲ್ಲಿ ವಾಕ್ಯವನ್ನು ಎಷ್ಟು ಹಿಗ್ಗಿಸಿದರೂ ಕುಗ್ಗಿಸಿದರೂ ಪೆಟ್ಟು ಬೀಳುವುದು ಒಂದೇ ಜಾಗದಲ್ಲಿ. ಕ್ರಿಯಾಪದವೇ ಇಲ್ಲದ ವಾಕ್ಯ ಕನ್ನಡದಲ್ಲಿ ಪೂರ್ಣವೂ ಸಹಜವೂ ಆದುದು: ‘ಅಂಗಳ ಸಣ್ಣದು; ಕಟ್ಟೆ ಹಳೆಯದು.’ ಹಲವು ವಸ್ತುಗಳನ್ನು ಒಂದೇ ಕ್ರಿಯೆಯ ಕೆಳಗೆ ಕೂಡಿಸಲೂಬಹುದು. ಇವೆರಡಕ್ಕಿಂತ ಮುಖ್ಯವಾಗಿ, ‘ಇತ್ತು’ ಎಂಬ ಪದ ಆ ಜಾಗದಲ್ಲಿ ಏನಾದರೂ ಕೆಲಸ ಮಾಡುತ್ತಿದೆಯೇ ಎಂದು ಕೇಳಿಕೊಳ್ಳಬೇಕು. ‘ಕಟ್ಟೆಯ ನೆರಳು ಅಂಗಳವನ್ನು ದಾಟಿ ಕೊಟ್ಟಿಗೆಯ ಗೋಡೆ ಹತ್ತಿತ್ತು’ ಎಂದಾಗ ಕಟ್ಟೆ, ಅಂಗಳ, ಕೊಟ್ಟಿಗೆ ಮೂರೂ ಇವೆಯೆಂದು ಬೇರೆ ಹೇಳಬೇಕಾಗಿಲ್ಲ, ಹೊತ್ತು ಎಷ್ಟೆಂಬುದೂ ತಿಳಿಯುತ್ತದೆ. ಕ್ರಿಯಾಪದವನ್ನು ಮುಂದಕ್ಕೆ ತಂದು ‘ಕಾಣಿಸಿತು ಹೊಳೆ’ ಎನ್ನುವುದು ಆಡುಮಾತಿಗೂ ಪದ್ಯಕ್ಕೂ ಒಪ್ಪುವ ತಿರುವು. ಗದ್ಯದಲ್ಲಿ ಅದನ್ನು ಪದೇ ಪದೇ ಬಳಸಿದರೆ ಕೃತಕವೆನಿಸುತ್ತದೆ.

ಪ್ಯಾರಾ ಎಂದರೆ ಹೊಸ ಸಾಲಿನಿಂದ ಆರಂಭವಾಗಿ ಒಂದು ಗಮನವನ್ನು ಪೂರೈಸುವ ವಾಕ್ಯಗಳ ಗುಂಪು. ಪದಗಳ ನಡುವೆಯೂ ತೆರಪಿಲ್ಲದೆ ಅಕ್ಷರಗಳು ಸಾಗುತ್ತಿದ್ದ ತಾಳೆಗರಿಯಲ್ಲಿ ಇಂಥ ವಿಂಗಡಣೆಗೆ ಎಡೆ ಕಡಿಮೆಯಿತ್ತು. ಹಾಗಿದ್ದರೂ ಹತ್ತನೆಯ ಶತಮಾನದ ‘ವಡ್ಡಾರಾಧನೆ’ಯ ಗದ್ಯ ತಡೆಯಿಲ್ಲದ ಪ್ರವಾಹವಲ್ಲ, ‘ಮತ್ತಂ’, ‘ಅನ್ನೆಗಂ’ಗಳಂಥ ಮಾತುಗಳು ಇಲ್ಲೊಂದು ತಿರುವಿದೆಯೆಂದು ಕೇಳುವವನ ಕಿವಿಗೆ ಸೂಚಿಸುತ್ತವೆ. ಅಚ್ಚಿನ ಕಾಲದಲ್ಲಿ ಪ್ಯಾರಾ ಕಣ್ಣಿಗೆ ಮಾಡುವ ಕೆಲಸವನ್ನು ಅವು ಅಂದು ಕಿವಿಗೆ ಮಾಡುತ್ತಿದ್ದವು. ಆ ಕೃತಿಯ 19 ಕಥೆಗಳಲ್ಲಿ ಹಲವು ಜಂಬೂದ್ವೀಪದಿಂದ ಹೊರಟು ಭರತಕ್ಷೇತ್ರ, ನಾಡು, ಪಟ್ಟಣ, ಅರಸ ಎಂದು ಹಂತಹಂತವಾಗಿ ಒಳಸರಿಯುತ್ತವೆ. ಪ್ರತಿಯೊಂದು ಊರಿಗೂ ಲೋಕವಿನ್ಯಾಸದಲ್ಲಿ ನಿಶ್ಚಿತವಾದ ಸ್ಥಾನವಿದೆಯೆಂಬ ಜೈನ ದೃಷ್ಟಿ ಈ ಕ್ರಮದಲ್ಲಿಯೇ ಅಡಗಿದೆ. ಇಂದಿನ ಗದ್ಯವು ಹೆಚ್ಚಾಗಿ ಎಲ್ಲೋ ಒಂದು ಕಡೆ ನಿಂತ ಒಬ್ಬ ಮನುಷ್ಯನ ಕಣ್ಣಿನಿಂದ ಹೊರಡುವುದರಿಂದ, ಆ ಮನುಷ್ಯ ನಿಂತ ಜಾಗ, ಹೊತ್ತು ಅಥವಾ ತಿಳಿವಳಿಕೆ ಬದಲಾದಾಗ ಪ್ಯಾರಾ ಬದಲಾಗುವುದು ನ್ಯಾಯ.

ಜೋಗದ ರಾಜಾ, ರಾಣಿ, ರೋರರ್, ರಾಕೆಟ್ ಎಂಬ ನಾಲ್ಕು ಕವಲುಗಳಿಗೆ ನಾಲ್ಕು ಪ್ಯಾರಾಗಳನ್ನು ಹಂಚುವುದು ಸುಲಭದ ವಿಂಗಡಣೆ. ಅದು ಪ್ರವಾಸಿ ಕೈಪಿಡಿಗೆ ಒಪ್ಪುತ್ತದೆ. ಎದುರಿನ ಎತ್ತರದಲ್ಲಿ ನಿಂತವನಿಗಾದರೋ ನಾಲ್ಕೂ ಒಮ್ಮೆಗೇ ಕಾಣುವುದರಿಂದ ಅವು ಒಂದು ಪ್ಯಾರಾದಲ್ಲಿ, ಸಾಧ್ಯವಾದರೆ ಒಂದೇ ವಾಕ್ಯದಲ್ಲಿ ಇರತಕ್ಕವು. ಕಣಿವೆಗಿಳಿದು ತಲೆಯೆತ್ತಿದಾಗ ಎಣಿಕೆ ತಪ್ಪಿ ಸದ್ದೇ ಮುಂದಾಗುತ್ತದೆ. ಪ್ಯಾರಾ ಮುರಿಯಬೇಕಾದದ್ದು ಅಲ್ಲಿ. ಮಳೆಗಾಲದಲ್ಲಿ ಹಿಗ್ಗುವ ಧಾರೆಗಳು ಬೇಸಿಗೆಯಲ್ಲಿ ಎಳೆಗಳಾಗಿ ಸೊರಗುವುದನ್ನು ಹೇಳುವಾಗ ಜಾಗ ಅದೇ ಆಗಿದ್ದರೂ ಕಾಲ ಬೇರೆ. ಆ ಸೊರಗುವಿಕೆಯ ಹಿಂದೆ, 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟು ನದಿಯ ಮೇಲ್ಭಾಗದಲ್ಲಿ ಹಿಡಿದಿಟ್ಟ ನೀರಿನ ಸಂಗತಿಯಿದೆ. ಜಲಪಾತದ ಎದುರು ನಿಂತ ಕಣ್ಣಿಗೆ ಅದು ಕಾಣುವುದಿಲ್ಲ, ತಿಳಿವಳಿಕೆಯಿಂದ ಮಾತ್ರ ಬರುತ್ತದೆ. ಅದನ್ನು ನೀರಿನ ವಿಶೇಷಣವಾಗಿ ಉದ್ದ ವಾಕ್ಯದೊಳಗೆ ಹುದುಗಿಸಿದರೆ ಕಂಡದ್ದೂ ತಿಳಿದದ್ದೂ ಬೆರೆತುಹೋಗುತ್ತವೆ. ಬೇರೆಯಾಗಿ ನಿಲ್ಲುವ ಒಂದು ಗಿಡ್ಡ ವಾಕ್ಯ ಆ ಎರಡರ ಗಡಿಯನ್ನು ಪ್ರಾಮಾಣಿಕವಾಗಿ ಕಾಯುತ್ತದೆ.

ಗಿಡ್ಡ ವಾಕ್ಯ ಆಧುನಿಕ, ಉದ್ದ ವಾಕ್ಯ ಹಳತು ಎಂಬ ಅಭಿಪ್ರಾಯವೂ ಪರಿಶೀಲನೆಗೆ ನಿಲ್ಲುವಂಥದಲ್ಲ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಕಾಡು, ಮಳೆ, ನಾಯಿ, ಮನುಷ್ಯರನ್ನು ಒಂದೇ ಬಾಳಿನ ಅಂಗಗಳೆಂದು ಕಾಣುವ ಕಾದಂಬರಿಯಾದ್ದರಿಂದ ಅವೆಲ್ಲವನ್ನೂ ಒಳಗೊಳ್ಳುವಷ್ಟು ಹರವು ಅದರ ವಾಕ್ಯಗಳಿಗೆ ಬೇಕಾಯಿತು. ತೇಜಸ್ವಿಯವರ ‘ಕರ್ವಾಲೊ’ (1980) ಹಾರುವ ಓತಿಯೊಂದನ್ನು ಅರಸುವ ಕಥೆ. ಅರಸುವವನ ಗಮನ ಒಂದರಿಂದ ಇನ್ನೊಂದಕ್ಕೆ ಥಟ್ಟನೆ ದಾಟುತ್ತದೆ, ಅದರ ಗದ್ಯ ಮಾತುಕತೆಯ ಚುರುಕನ್ನು ಪಡೆದದ್ದು ಅದಕ್ಕಾಗಿ. ಆ ಅರಸಾಟವಿಲ್ಲದೆ ಆ ಚುರುಕನ್ನು ಮಾತ್ರ ಅನುಕರಿಸಿದ ಬರವಣಿಗೆ ಅನಂತರ ಕನ್ನಡದಲ್ಲಿ ಕಡಿಮೆ ಬಂದಿಲ್ಲ.

ಮೊಬೈಲ್ ಪರದೆ ಕಿರಿದು, ಓದುಗನ ವ್ಯವಧಾನವೂ ಕಿರಿದು, ಆದ್ದರಿಂದ ಒಂದೊಂದು ವಾಕ್ಯಕ್ಕೂ ಒಂದೊಂದು ಪ್ಯಾರಾ ಇರಲಿ ಎಂಬ ವಾದ ಈಚೆಗೆ ಬಲವಾಗಿದೆ. ಓದುವ ಅನುಕೂಲವನ್ನು ಕಡೆಗಣಿಸಬೇಕಾಗಿಲ್ಲ. ಸುದ್ದಿಗೆ, ಸೂಚನೆಗೆ ಆ ಪದ್ಧತಿ ಸಲ್ಲುತ್ತದೆ. ವರ್ಣನೆಯಲ್ಲಿ ಅದರಿಂದಾಗುವ ನಷ್ಟ ಬೇರೆ ತರಹದ್ದು. ಪ್ರತಿ ವಾಕ್ಯದ ಕೊನೆಗೂ ಸಾಲು ಮುರಿದರೆ, ಎತ್ತರದಲ್ಲಿ ನಿಂತವನು ಕಣಿವೆಗೆ ಇಳಿದನೆಂದು ತಿಳಿಸಲು ಬರೆಯುವವನ ಕೈಯಲ್ಲಿ ಯಾವ ಗುರುತೂ ಉಳಿಯುವುದಿಲ್ಲ, ಮತ್ತು ನಾಲ್ಕು ಧಾರೆಗಳನ್ನು ಒಮ್ಮೆಗೇ ಕಂಡೆನೆಂದು ಹೇಳುವ ದಾರಿಯೂ ಮುಚ್ಚಿಹೋಗುತ್ತದೆ.