ಯೋಗವೂ ಕ್ಷೇಮವೂ

ಕಾಗದದ ಮೊದಲನೆಯ ಪಂಕ್ತಿಯಲ್ಲಿಯೇ ಯೋಗಕ್ಷೇಮವನ್ನು ವಿಚಾರಿಸುವುದು ಕನ್ನಡದ ಮನೆಗಳಲ್ಲಿ ಹಿಂದಿನಿಂದ ಬಂದ ಪದ್ಧತಿ. ಈ ಸಮಸ್ತಪದದಲ್ಲಿ ಎರಡು ಅರ್ಥಗಳು ಅಡಗಿವೆಯೆಂಬುದನ್ನು ಬರೆಯುವವರು ಸಾಮಾನ್ಯವಾಗಿ ಮರೆತಿರುತ್ತಾರೆ. ಇಲ್ಲದುದನ್ನು ಪಡೆಯುವುದು ಯೋಗ. ಪಡೆದುದನ್ನು ಕಾಪಾಡಿಕೊಳ್ಳುವುದು ಕ್ಷೇಮ. ಭಾರತೀಯ ಜೀವವಿಮಾ ನಿಗಮವು ಗೀತೆಯ ಒಂಬತ್ತನೆಯ ಅಧ್ಯಾಯದಿಂದ ಈ ಪದವುಳ್ಳ ಮಾತನ್ನೇ ಆಯ್ದು ತನ್ನ ಲಾಂಛನದಲ್ಲಿ ಧರಿಸಿದೆ. ಆದರೆ ವಿಮೆಯೆಂಬ ವ್ಯವಹಾರವು ಹುಟ್ಟಿದಂದಿನಿಂದ ಕ್ಷೇಮವನ್ನು ಬಲ್ಲದೇ ಹೊರತು ಯೋಗವನ್ನರಿಯದು. ಮುಳುಗಿದ ಹಡಗಿಗೂ ಸುಟ್ಟ ಮನೆಗೂ ಮುರಿದ ಕಾಲಿಗೂ ಅದು ಹಣವನ್ನು ಕೊಡುತ್ತದೆ; ಇದ್ದುದು ಹೋಯಿತೆಂದು ತೋರಿಸಿದವನಿಗೆ ಕೊಡುತ್ತದೆ. ಎಂದೂ ಇಲ್ಲದಿದ್ದುದು ಬೇಕೆಂದು ಬಂದವನಿಗೆ ಕೊಡಬೇಕೆ, ಬೇಡವೆ? ಆಟಿಸಂ ಉಳ್ಳ ಮಕ್ಕಳ ತಾಯಿತಂದೆಗಳು ಆರೋಗ್ಯವಿಮೆಯ ಕಚೇರಿಯ ಮುಂದಿಟ್ಟಿರುವ ಪ್ರಶ್ನೆ ಇದೇ.

1943ರಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದ ವೈದ್ಯ ಲಿಯೋ ಕ್ಯಾನರ್ 11 ಮಕ್ಕಳ ವೃತ್ತಾಂತವನ್ನು ಪ್ರಕಟಿಸಿದ ಮೇಲೆ ಈ ಸ್ಥಿತಿಯು ವೈದ್ಯಲೋಕದಲ್ಲಿ ಪ್ರತ್ಯೇಕವಾಗಿ ಗಣಿಸಲ್ಪಡತೊಡಗಿತು. ಇದು ಜ್ವರದಂತೆ ಬಂದು ಹೋಗುವುದಲ್ಲ. ಶೈಶವದಲ್ಲಿಯೇ ತೋರಿ ಜೀವಮಾನವೆಲ್ಲ ಜೊತೆಗಿರುವುದು. ಕೆಲವು ಮಕ್ಕಳಿಗೆ ಮಾತು ತಡವಾಗಿ ಬರುತ್ತದೆ, ಕೆಲವರಿಗೆ ಬಾರದೆಯೇ ಇರುತ್ತದೆ. ಇತರರ ಮುಖವನ್ನು ನೋಡಿ ಮನಸ್ಸನ್ನು ಊಹಿಸುವುದು ಕಷ್ಟ. ಅಡುಗೆಮನೆಯ ಮಿಕ್ಸರಿನ ಸದ್ದು ಕೂಡ ಅಸಹ್ಯವಾದ ಹಿಂಸೆಯಾಗಬಹುದು. ಗುಳಿಗೆಯಿಂದ ಕಳೆಯತಕ್ಕ ಸ್ಥಿತಿ ಇದಲ್ಲ. ವಾಕ್‌ಚಿಕಿತ್ಸೆ, ಕೈಬೆರಳುಗಳಿಗೂ ಇಂದ್ರಿಯಗಳಿಗೂ ಅಭ್ಯಾಸ ಕೊಡುವ ಆಕ್ಯುಪೇಷನಲ್ ಥೆರಪಿ, ನಡವಳಿಕೆಯ ಶಿಕ್ಷಣ ಇವು ಅರ್ಧ ಗಂಟೆ, ಮುಕ್ಕಾಲು ಗಂಟೆಯಂತೆ ವರ್ಷಗಟ್ಟಲೆ ನಡೆಯಬೇಕು. ಪ್ರತಿಯೊಂದು ಸಲವೂ ಹಣ ಬೇಕು.

ನಮ್ಮ ದೇಶದ ಸಾಧಾರಣ ಆರೋಗ್ಯವಿಮೆಯ ಪಾಲಿಸಿಯು ರೋಗಿಯು ಕಡಿಮೆಯೆಂದರೆ 24 ಗಂಟೆಗಳ ಕಾಲ ಆಸ್ಪತ್ರೆಯಲ್ಲಿ ಒಳರೋಗಿಯಾಗಿದ್ದ ವೆಚ್ಚವನ್ನು ಭರಿಸುವುದಕ್ಕಾಗಿ ರಚಿತವಾದುದು. ಮಗುವು ಮಂಚದ ಮೇಲೆ ಮಲಗಿದರೆ ಹಣವುಂಟು. ಎದ್ದು ಕುಳಿತು “ನೀರು” ಎಂಬ ಶಬ್ದವನ್ನು ಕಲಿತರೆ ಹಣವಿಲ್ಲ. ಇದು ಶಿಕ್ಷೆ, ಎಂದರೆ ಕಲಿಸುವಿಕೆ. ಚಿಕಿತ್ಸೆಯಲ್ಲ ಎಂದು ಕಂಪೆನಿಯು ಹೇಳುತ್ತದೆ. ಇದು ಚಿಕಿತ್ಸೆ, ಶಿಕ್ಷೆಯಲ್ಲ ಎಂದು ಶಾಲೆಯು ಹೇಳುತ್ತದೆ. ಎರಡು ಬಾಗಿಲುಗಳ ನಡುವಣ ಅಂಗಳದಲ್ಲಿ ಮಗುವಿನ ಕೈಹಿಡಿದು ನಿಂತವರಿಗೆ ಈ ಶಬ್ದವಿಚಾರದಿಂದ ಏನು ಫಲ?

ಆದರೂ ಪೂರ್ವಪಕ್ಷವನ್ನು ನ್ಯಾಯವಾಗಿ ಹೇಳಿಬಿಡಬೇಕು, ಅದು ಕೇವಲ ಜಿಪುಣತನದ ಮಾತಲ್ಲ. ವಿಮೆಯು ದಾನವಲ್ಲ, ಒಪ್ಪಂದ. ಸಾವಿರ ಜನರು ಕೂಡಿಟ್ಟ ಕಂತಿನ ಹಣವನ್ನು ಕಂಪೆನಿಯು ನ್ಯಾಸದಂತೆ ಇಟ್ಟುಕೊಂಡಿರುತ್ತದೆ. ನಷ್ಟವಾದವನನ್ನು ಹಿಂದಿದ್ದ ನೆಲೆಗೆ ತರುವುದಷ್ಟೇ ಅದರ ಧರ್ಮ. ಯಾರನ್ನೂ ಹಿಂದಿಲ್ಲದ ನೆಲೆಗೆ ಏರಿಸುವುದಲ್ಲ. ಅಲ್ಲದೆ, ಸಂಭವಿಸಬಹುದಾದ ಆಪತ್ತಿಗೆ ವಿಮೆಯುಂಟು, ಸಂಭವಿಸಿಯೇ ಇರುವುದಕ್ಕೆ ಇಲ್ಲ. ಹೊತ್ತಿ ಉರಿಯುವ ಮನೆಗೆ ಯಾರು ವಿಮೆ ಬರೆಯುವರು?

ಮೊದಲನೆಯ ವಾದವನ್ನು ಅಮೆರಿಕದ ಅನುಭವವು ಚೆನ್ನಾಗಿ ಪರೀಕ್ಷಿಸಿದೆ. ಅಲ್ಲಿ ಪಕ್ಷವಾತದಿಂದ ಮಾತು ಕಳೆದುಕೊಂಡ ಮುದುಕನಿಗೆ ಮಾತನ್ನು ಹಿಂದಕ್ಕೆ ತರುವ ಚಿಕಿತ್ಸೆಗೆ ಹಣ ಕೊಡುತ್ತಿದ್ದ ಪಾಲಿಸಿಗಳೇ, ಮಾತು ಇನ್ನೂ ಬಾರದ ಮಗುವಿನ ಚಿಕಿತ್ಸೆಯನ್ನು ಹೊರಗಿಡುತ್ತಿದ್ದುದುಂಟು. ಕೊಠಡಿಯೊಂದೇ, ಕಲಿಸುವವರೊಬ್ಬರೇ, ಮುಂದಿಟ್ಟ ಚಿತ್ರಗಳೂ ಅವೇ ಆಗಿರಬಹುದು. ಭೇದವಿಷ್ಟೇ: ಮುದುಕನಿಗೆ ಒಮ್ಮೆ ಇತ್ತು, ಮಗುವಿಗೆ ಇರಲಿಲ್ಲ. ಹಾಗಾದರೆ ಮುದುಕನ ಹಕ್ಕು ಯಾವುದರ ಮೇಲೆ ನಿಂತಿತು? ಒಮ್ಮೆ ಇದ್ದುದೇ ಹಕ್ಕಿಗೆ ಕಾರಣವಾದರೆ, ನಿನ್ನೆ ಉಂಡವನಿಗೆ ಮಾತ್ರ ಇಂದು ಅನ್ನವಿಕ್ಕಬೇಕು, ಎಂದೂ ಉಣ್ಣದವನನ್ನು ಹಸಿದೇ ಕಳುಹಿಸಬೇಕು ಎಂದಾಗುವುದು. ವಾಸ್ತವವಾಗಿ ಮುದುಕನಿಗೆ ಸಲ್ಲುವುದು ಮಾತಿಲ್ಲದೆ ಮನುಷ್ಯನು ಮನುಷ್ಯರೊಳಗೆ ಬಾಳುವುದು ಕಷ್ಟವೆಂಬ ಕಾರಣದಿಂದ. ಆ ಕಾರಣವು ಮೂರು ವರ್ಷದ ಮಗುವಿನಲ್ಲಿಯೂ ಇದೆ. ಬಾಳಬೇಕಾದ ಕಾಲವು ಹೆಚ್ಚಾಗಿರುವುದರಿಂದ ಇನ್ನೂ ಹೆಚ್ಚಾಗಿದೆ.

ಅಲ್ಲಿಯ ಶಾಸನಗಳು ಇದನ್ನು ನಿಧಾನವಾಗಿ ಒಪ್ಪಿಕೊಂಡವು. 2001ರಲ್ಲಿ ಇಂಡಿಯಾನ ಸಂಸ್ಥಾನವು ಆಟಿಸಂ ಚಿಕಿತ್ಸೆಗೆ ವಿಮೆಯು ಹಣ ಕೊಡಬೇಕೆಂದು ವಿಧಿಸಿತು. ಒಂದೊಂದಾಗಿ ಉಳಿದ ಸಂಸ್ಥಾನಗಳು ಅನುಸರಿಸಿ, 2019ರಲ್ಲಿ ಟೆನೆಸ್ಸಿಯೊಡನೆ 50 ಸಂಸ್ಥಾನಗಳೂ ಪೂರ್ತಿಯಾದವು. ಇವುಗಳ ಹಿಂದೆ ಓಡಾಡಿದವರು ಬಹುಮಟ್ಟಿಗೆ ತಾಯಿತಂದೆಗಳೇ. 2010ರ ಕೇಂದ್ರ ಶಾಸನವಾದರೋ, ಕಳೆದುದನ್ನು ಮರಳಿ ತರುವ ಚಿಕಿತ್ಸೆಯನ್ನೂ ಇಲ್ಲದುದನ್ನು ಹೊಸದಾಗಿ ತರುವ ಚಿಕಿತ್ಸೆಯನ್ನೂ ಒಂದೇ ಉಸಿರಿನಲ್ಲಿ ಹೇಳಿ, ವ್ಯಕ್ತಿಗಳೂ ಸಣ್ಣ ಸಂಸ್ಥೆಗಳೂ ಕೊಳ್ಳುವ ಪಾಲಿಸಿಗಳಲ್ಲಿ ಎರಡೂ ಇರಬೇಕೆಂದಿತು. ಕ್ಷೇಮದ ಪಕ್ಕದಲ್ಲಿ ಯೋಗಕ್ಕೂ ಮಣೆ ಹಾಕಿದಂತಾಯಿತು. ಎಲ್ಲವೂ ಸರಿಹೋಯಿತೆನ್ನುವಂತಿಲ್ಲ. ನೌಕರರ ವೈದ್ಯವೆಚ್ಚವನ್ನು ತಮ್ಮ ಬೊಕ್ಕಸದಿಂದಲೇ ಭರಿಸುವ ದೊಡ್ಡ ಮಾಲೀಕರನ್ನು 1974ರ ಒಂದು ಶಾಸನವು ಸಂಸ್ಥಾನಗಳ ವಿಧಿಯಿಂದ ಹೊರಗಿಟ್ಟಿದೆ. ಆದುದರಿಂದ ಒಂದೇ ಬೀದಿಯ ಎರಡು ಮನೆಗಳಲ್ಲಿ, ಅಲ್ಲಿ ನೆಲಸಿರುವ ಕನ್ನಡಿಗರ ಮನೆಗಳಲ್ಲಿಯೂ, ಒಂದು ಮಗುವಿಗೆ ದೊರೆತುದು ಇನ್ನೊಂದಕ್ಕೆ ದೊರೆಯದಿರಬಹುದು.

ಇನ್ನು ಉರಿಯುವ ಮನೆಯ ದೃಷ್ಟಾಂತ. ಅದು ಕೇಳುವುದಕ್ಕೆ ಸೊಗಸು, ಆದರೆ ಅದರೊಳಗೆ ಕಾಲದ ವಂಚನೆಯೊಂದಿದೆ. ಮಗುವು ಹುಟ್ಟುವುದಕ್ಕೆ ಮೊದಲು, ಇಂತಹ ಮಗು ಇಂತಹ ಮನೆಗೆ ಬರುವುದೆಂದು ಯಾರಿಗೂ ಗೊತ್ತಿರಲಿಲ್ಲ. ಕಂತು ಕಟ್ಟುವ ಎಲ್ಲ ಮನೆಗಳಿಗೂ ಆ ಸಂಭವವು ಇದ್ದೇ ಇತ್ತು. ಅನಿಶ್ಚಯವು ಎಲ್ಲರದಾಗಿದ್ದಾಗ ಸುಮ್ಮನಿದ್ದು, ನಿಶ್ಚಯವಾದೊಡನೆ “ಇದು ನಿಮ್ಮದು” ಎನ್ನುವುದು ನ್ಯಾಯವಲ್ಲ. ಕಂಪೆನಿಯೊಂದೇ ಇದನ್ನು ಮಾಡಿದರೆ ನಷ್ಟಕ್ಕೆ ಬೀಳಬಹುದು ಎಂಬುದೂ ನಿಜ. ಹೊರೆಯಿರುವವರೆಲ್ಲ ಅದರ ಬಾಗಿಲಿಗೇ ಬಂದಾರು. ಆದುದರಿಂದಲೇ ಇದು ಒಂದು ಕಂಪೆನಿಯ ಔದಾರ್ಯಕ್ಕೆ ಬಿಡತಕ್ಕ ವಿಷಯವಲ್ಲ, ಎಲ್ಲರ ಮೇಲೆಯೂ ಸಮವಾಗಿ ಬೀಳತಕ್ಕ ಶಾಸನದ ವಿಷಯ.

ಭಾರತದಲ್ಲಿ ಈ ದಿಕ್ಕಿನಲ್ಲಿ ಕೆಲಸವಾಗಿಲ್ಲವೆಂದಲ್ಲ. 1999ರ ಶಾಸನದಿಂದ ಹುಟ್ಟಿದ ರಾಷ್ಟ್ರೀಯ ನ್ಯಾಸವು ನಡೆಸುವ ‘ನಿರಾಮಯ’ ಯೋಜನೆಯು ಆಟಿಸಂ ಉಳ್ಳವರನ್ನು ಪೂರ್ವಪರೀಕ್ಷೆಯಿಲ್ಲದೆ ಸೇರಿಸಿಕೊಂಡು, 1 ಲಕ್ಷ ರೂಪಾಯಿಯವರೆಗೆ ಭರಿಸುತ್ತದೆ. ಥೆರಪಿಯ ವೆಚ್ಚಕ್ಕೂ ಅದರಲ್ಲಿ ಸ್ಥಾನವಿದೆ, ಚಿಕ್ಕದಾದರೂ. 2016ರ ಅಂಗವಿಕಲರ ಹಕ್ಕುಗಳ ಶಾಸನವು ತಾನೆಣಿಸಿದ 21 ಬಗೆಗಳಲ್ಲಿ ಆಟಿಸಮನ್ನು ಸೇರಿಸಿತು. ಮನೋರೋಗದ ಚಿಕಿತ್ಸೆಗೂ ದೇಹರೋಗದ ಚಿಕಿತ್ಸೆಗೂ ವಿಮೆಯು ಸಮಾನವಾಗಿರಬೇಕೆಂದು 2017ರ ಶಾಸನವು ಹೇಳಿತು. ಆದರೆ ದೇಹಕ್ಕೇ ಮಂಚವಿಲ್ಲದೆ ಹಣವಿಲ್ಲವಾದಾಗ, ಸಮಾನತೆಯೆಂದರೆ ಮುಚ್ಚಿದ ಬಾಗಿಲಿನ ಮುಂದೆ ಇಬ್ಬರೂ ಸಮಾನವಾಗಿ ನಿಲ್ಲುವುದೇ ಸರಿ. 2023ರ ಫೆಬ್ರವರಿಯಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರವು ಅಂಗವಿಕಲರಿಗಾಗಿ ಪಾಲಿಸಿಗಳನ್ನು ಕೂಡಲೇ ಹೊರತರಬೇಕೆಂದು ಕಂಪೆನಿಗಳಿಗೆ ಆಜ್ಞಾಪಿಸಿತು. ಪಾಲಿಸಿ ದೊರೆಯುವುದು ಬೇರೆ, ಅದರಿಂದ ಥೆರಪಿಗೆ ಹಣ ದೊರೆಯುವುದು ಬೇರೆ.

ಇವೆಲ್ಲಕ್ಕಿಂತ ಸೂಕ್ಷ್ಮವಾದ ಸಂಕಟವೊಂದುಂಟು. ಹಣ ಬೇಕಾದರೆ ತಾಯಿಯು ಅರ್ಜಿಯಲ್ಲಿ ಮಗುವಿನ ಕುಂದುಗಳನ್ನೆಲ್ಲ ಎಣಿಸಿ ಬರೆಯಬೇಕು. ಮಗುವು ಹತ್ತು ಹೊಸ ಮಾತು ಕಲಿತ ವರ್ಷವೂ ಇನ್ನೂ ರೋಗಿಯೆಂದೇ ಸಾಧಿಸಬೇಕು. ಮನೆಯಲ್ಲಿ ಅವಳು ಆ ಮಗುವನ್ನು ಹಾಗೆ ಕಾಣುವವಳಲ್ಲ. ತಾವೇ ಆಟಿಸಂ ಉಳ್ಳವರಾದ ಜಿಮ್ ಸಿಂಕ್ಲೇರ್ 1993ರಲ್ಲಿ ಬರೆದ ಲೇಖನವೊಂದರಲ್ಲಿ ನಮಗಾಗಿ ಶೋಕಿಸಬೇಡಿರೆಂದು ತಾಯಿತಂದೆಗಳನ್ನು ಕೇಳಿಕೊಂಡರು. ಅವರ ಮಾತಿನಲ್ಲಿ ತಿರಸ್ಕರಿಸಲಾಗದ ಸತ್ಯವಿದೆ. ಕೆಲವು ಶಿಕ್ಷಣಕ್ರಮಗಳು ವಾರಕ್ಕೆ 40 ಗಂಟೆಗಳವರೆಗೂ ಮಗುವನ್ನು ಕೂರಿಸಿ, ಯಾರಿಗೂ ಕೇಡಿಲ್ಲದ ಅದರ ಕೈಯಾಡಿಸುವ ಅಭ್ಯಾಸವನ್ನೂ ಬಿಡಿಸಲೆಳಸಿದುದುಂಟು. ಅದು ಮಗುವಿಗೆ ಬೇಕಾದ ಯೋಗವಲ್ಲ, ನೋಡುವವರ ಕಣ್ಣಿಗೆ ಬೇಕಾದ ಕ್ಷೇಮ. ತನಗೆ ಬಾಯಾರಿದೆ, ಹೊಟ್ಟೆ ನೋಯುತ್ತಿದೆ, ಈ ಸದ್ದು ಬೇಡ ಎಂಬುದನ್ನು ಬಾಯಿಂದಲಾಗಲಿ ಚಿತ್ರದ ಚೀಟಿಯಿಂದಲಾಗಲಿ ತಿಳಿಸುವ ಶಕ್ತಿ ಬರುವುದಾದರೆ, ಅದಕ್ಕೆ ಕೊಟ್ಟ ಹಣವು ಆಸ್ಪತ್ರೆಯ ಯಾವ ಮಂಚಕ್ಕೆ ಕೊಟ್ಟುದಕ್ಕಿಂತಲೂ ಕಡಿಮೆ ಸಾರ್ಥಕವಲ್ಲ.

ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂತಹ ಸರ್ಕಾರದ ಸ್ಥಾನಗಳಿಗೆ ದೂರದ ಊರುಗಳಿಂದ ಬರುವವರೂ ಉಂಟು. ಅಲ್ಲಿ ಶುಲ್ಕದ ಭಾರ ಕಡಿಮೆ. ಆದರೆ ಬಾಡಿಗೆಯ ಕೋಣೆ, ಬಸ್ಸಿನ ಖರ್ಚು, ಊರಿನಲ್ಲಿ ಬಿಟ್ಟುಬಂದ ಕೆಲಸ, ಬೆಳಗ್ಗೆ ಕಲಿತುಬಂದ ಪಾಠವನ್ನು ಮಗುವಿನೊಡನೆ ಸಂಜೆಯವರೆಗೂ ಆಡಿ ಆಡಿಸುವ ತಾಯಿಯ ದುಡಿಮೆ ಇವುಗಳನ್ನು ಬರೆಯುವುದಕ್ಕೆ ವಿಮೆಯ ಅರ್ಜಿಯಲ್ಲಿ ಇನ್ನೂ ಒಂದು ಮನೆ ಕೂಡ ಇಲ್ಲ.