ಕಿತ್ತು ನೋಡುವ ಚಟ

ವಿಜಯನಗರದ ನಮ್ಮ ಶಾಲೆಯಲ್ಲಿ ಧ್ವಜಸ್ತಂಭದ ಸುತ್ತ ಒಂದು ದುಂಡನೆಯ ಪಾತಿ ಇತ್ತು. ಅದರ ತುಂಬ ಕೆಂಪು ಸಾಲ್ವಿಯಾ. ನೀವೂ ನೋಡಿರುತ್ತೀರಿ. ಲಾಲ್‌ಬಾಗಿನಲ್ಲಿ ಜನವರಿ, ಆಗಸ್ಟ್ ತಿಂಗಳ ಫಲಪುಷ್ಪ ಪ್ರದರ್ಶನಕ್ಕೆ ಹೋದರೆ ಕೆಂಪು ಜಮಖಾನ ಹಾಸಿದಂತೆ ಕಾಣುತ್ತದಲ್ಲ, ಅದೇ. ಮೂಲ ಬ್ರೆಜಿಲ್ ದೇಶದ್ದು. ನಮ್ಮ ಮಕ್ಕಳಿಗೆ ಅದೆಲ್ಲ ಬೇಕಿರಲಿಲ್ಲ. ರಿಸೆಸ್ ಗಂಟೆ ಹೊಡೆದರೆ ಸಾಕು, ಹೂವಿನ ಕೊಳವೆ ಕಿತ್ತು ಬುಡ ಚೀಪಿ, ‘ಮಿಸ್, ಜೇನು!’ ಎನ್ನುತ್ತಿದ್ದರು. ಗದರಿಸುವುದು ನನ್ನ ಕೆಲಸ. ಯಾರೂ ಇಲ್ಲದಾಗ ನಾನೂ ಒಂದೆರಡು ಚೀಪಿದ್ದೇನೆ.

ದಸರಾ ರಜೆ ಮುಗಿಸಿ ಹೋದಾಗ ಅಂಗಳಕ್ಕೆ ಸಿಮೆಂಟ್ ಇಟ್ಟಿಗೆ ಹಾಸುವ ಕೆಲಸ ಶುರುವಾಗಿತ್ತು. ಪಾತಿಯಲ್ಲಿ ಅರ್ಧ ಆಗಲೇ ಹೋಗಿತ್ತು. “ಬೇಕಾದ್ರೆ ನಾಕು ಕಡ್ಡಿ ಮುರ್ಕೊಂಡೋಗಿ ಮಿಸ್, ನಾಳೆಗೆ ಇದೂ ಇರಲ್ಲ” ಎಂದಳು ಆಯಾ. ಎಂಟು ತುದಿ ಕತ್ತರಿಸಿ, ಒದ್ದೆ ಕರ್ಚೀಫಿನಲ್ಲಿ ಸುತ್ತಿ, ಖಾಲಿ ಊಟದ ಡಬ್ಬಿಯಲ್ಲಿಟ್ಟುಕೊಂಡು ಬಸ್ಸು ಹತ್ತಿದೆ.

ನಮ್ಮ ಮನೆ ರಾಜಾಜಿನಗರದ 20-30ರ ಸೈಟಿನಲ್ಲಿ, ಎರಡನೆಯ ಮಹಡಿ. ಅಂಗಳವೆಂಬುದು ಇಲ್ಲ. ಬಾಲ್ಕನಿಗೆ ಪಡುವಣ ಬಿಸಿಲು ಹೊಡೆಯುತ್ತದೆ. ಹಾಗಾಗಿ ಅಡುಗೆಮನೆಯ ಕಿಟಕಿಯೇ ನನ್ನ ತೋಟ. ಬಿ.ಎ., ಬಿ.ಎಡ್. ಮಾಡಿ 28 ವರ್ಷ ಕನ್ನಡ, ಸಮಾಜ ಹೇಳಿಕೊಟ್ಟವಳು; ಗಿಡದ ವಿಷಯದಲ್ಲಿ ಮಾತ್ರ ಒಂದನೆಯ ಕ್ಲಾಸು. ಸಾಲ್ವಿಯಾ ಕೂಡ ತುಳಸಿ, ಪುದೀನ, ದೊಡ್ಡಪತ್ರೆಗಳ ಕುಲದ್ದೇ. ಕಾಂಡ ಮುಟ್ಟಿ ನೋಡಿ, ದುಂಡಗಿರದೆ ಚೌಕವಾಗಿರುತ್ತದೆ. ದೊಡ್ಡಪತ್ರೆ ಎಲ್ಲಿ ಚುಚ್ಚಿದರೂ ಬರುವಾಗ ಇದೂ ಬಂದೀತು ಎಂದುಕೊಂಡೆ.

ಮೊಸರಿನ ಡಬ್ಬಿಗೆ ಮಣ್ಣು ತುಂಬಿ, ಎಂಟನ್ನೂ ನೆಟ್ಟು, ದಿನಕ್ಕೆ ಮೂರು ಸಲ ನೀರು ಹಾಕಿದೆ. ಅಷ್ಟು ಸಾಲದೆಂದು ಪ್ರತಿ ಸಂಜೆ ಒಂದೊಂದನ್ನೇ ಮೆಲ್ಲಗೆ ಕಿತ್ತು, ಬೇರು ಬಂತೇ ಎಂದು ನೋಡಿ, ಮತ್ತೆ ಚುಚ್ಚುತ್ತಿದ್ದೆ. ಎರಡು ವಾರದಲ್ಲಿ ಎಂಟೂ ಬಾಗಿದವು. ಕೊನೆಯದರ ಬುಡದಲ್ಲಿ ಬಿಳಿಯ ಗಂಟೊಂದು ಮೂಡಿತ್ತು. ಅದರಿಂದ ಕೂದಲೆಳೆಯಷ್ಟು ಬೇರು ಹೊರಟು, ನಾನು ಕೀಳುವಾಗ ತುಂಡಾಗಿತ್ತು.

ಕೆಂಗೇರಿಯಿಂದ ಬರುವ ನಮ್ಮ ಗಣಿತದ ಮೇಡಂ ಮನೆಯಲ್ಲಿ ಕುಂಡಗಳ ಸಾಲೇ ಇದೆ. “ಬೀಜ ಹಾಕಿದ್ರೆ ಸುಲಭವಾಗ್ತಿತ್ತಲ್ಲ ಮೇಡಂ” ಎಂದರು. ಸುಲಭವೇನೋ ಹೌದು. ಆದರೆ ಬೀಜದಿಂದ ಬರುವುದು ಗಿಡದ ಮಗು, ಕಡ್ಡಿಯಿಂದ ಬರುವುದು ಅದೇ ಗಿಡ. ನನಗೆ ಬೇಕಾಗಿದ್ದುದು ಆ ಪಾತಿಯದೇ. ಕೊನೆಗೆ ಅವರೇ ಕ್ರಮ ಹೇಳಿಕೊಟ್ಟರು. ಹೂವಿಲ್ಲದ ತುದಿ ನಾಲ್ಕಿಂಚು ಸಾಕು. ಎಲೆ ಹುಟ್ಟುವ ಗೆಣ್ಣಿನ ಕೆಳಗೇ ಕತ್ತರಿಸಿ ಬುಡದ ಎಲೆ ತೆಗೆಯಬೇಕು. ಬರೀ ಮಣ್ಣು ಬೇಡ, ತೊಳೆದ ಮರಳಿಗೆ ತೆಂಗಿನ ನಾರಿನ ಪುಡಿ ಬೆರೆಸಿ, ಡಬ್ಬಿಯ ತಳಕ್ಕೆ ತೂತು ಮಾಡಬೇಕು. ಒಮ್ಮೆ ನೀರುಣಿಸಿ, ಮೇಲೆ ಒಳಗಿನದು ಕಾಣುವಂಥ ಕವರು ಮುಚ್ಚಿ, ಬಿಸಿಲು ನೇರವಾಗಿ ಬೀಳದ ಬೆಳಕಿನಲ್ಲಿಡಬೇಕು. ಬೇರಿಲ್ಲದ ಕಡ್ಡಿಗೆ ನೀರು ಕುಡಿಯುವ ಶಕ್ತಿ ಕಡಿಮೆ, ಎಲೆಯಿಂದ ಮಾತ್ರ ಆರುತ್ತಲೇ ಇರುತ್ತದೆ. ಕವರಿನೊಳಗಿನ ತೇವ ಅದನ್ನು ತಡೆಯುತ್ತದೆ. ದಿನಕ್ಕೊಮ್ಮೆ ಸ್ವಲ್ಪ ಹೊತ್ತು ಗಾಳಿ. “ಎರಡು ಮೂರು ವಾರ ಕೀಳೋಕೆ ಹೋಗ್ಬೇಡಿ. ಹೊಸ ಎಲೆ ಬಂದ್ರೆ ಕೆಳಗೆ ಬೇರು ಬಂದಿದೆ ಅಂತ ತಿಳ್ಕೊಳ್ಳಿ.”

ಹೇಳುವುದು ಸುಲಭ. ನಾವು ಟೀಚರುಗಳು. ಕಲಿಸಿದ್ದು ಹತ್ತಿತೇ ಎಂದು ತಿಂಗಳಿಗೊಂದು ಟೆಸ್ಟು ಕೊಟ್ಟು ಬದುಕಿದವರು. ನೋಡದೆ ನಂಬುವುದನ್ನು ನಮಗೆ ಯಾವ ಬಿ.ಎಡ್. ಕಾಲೇಜೂ ಕಲಿಸಲಿಲ್ಲ. ಜೊತೆಗೆ ತಾಯಿಯೂ ಆಗಿಬಿಟ್ಟರೆ ಕೇಳುವುದೇ ಬೇಡ.

ಮಗಳು ಸೆಕೆಂಡ್ ಪಿಯುಸಿಯಲ್ಲಿದ್ದಾಗ ಡೈರಿ ಬರೆಯುತ್ತಿದ್ದಳು. ಆಗಲೇ ನಮ್ಮ ಬೀದಿಯ ಹುಡುಗಿಯೊಬ್ಬಳು ಮನೆಬಿಟ್ಟು ಹೋಗಿ ಮದುವೆಯಾದಳು. ನನ್ನ ಮಗಳಲ್ಲಿ ಯಾವ ಬದಲಾವಣೆಯೂ ಇರಲಿಲ್ಲ, ಬದಲಾದವಳು ನಾನು. ಅವಳು ಟ್ಯೂಷನ್ನಿಗೆ ಹೋದ ಹೊತ್ತು ನೋಡಿ ದಿಂಬಿನ ಕೆಳಗಿನಿಂದ ಡೈರಿ ತೆಗೆದು ಓದಿದೆ. ಗೆಳತಿಯೊಡನೆ ಜಗಳ, ಲೆಕ್ಚರರ್ ಒಬ್ಬರ ಬಗ್ಗೆ ತಮಾಷೆ, ನನ್ನ ಮೇಲಿನ ಸಿಟ್ಟು ಇದ್ದವು. ತಪ್ಪೆನ್ನುವಂಥದ್ದು ಏನೂ ಇರಲಿಲ್ಲ. ಆದರೂ ವಾರಕ್ಕೊಮ್ಮೆ ಓದುವುದು ಅಭ್ಯಾಸವಾಯಿತು. ಬರಬರುತ್ತಾ ‘ಇಂದು ಫಿಸಿಕ್ಸ್ ಎರಡು ಪಾಠ ಮುಗಿಸಿದೆ, ಅಮ್ಮ ಮಾಡಿದ ಉಪ್ಪಿಟ್ಟು ಚೆನ್ನಾಗಿತ್ತು’ ಎಂಬಂಥ ಸಾಲುಗಳೇ ತುಂಬಿದವು. ಹುಡುಗಿ ದಾರಿಗೆ ಬಂದಳು ಎಂದು ಸಮಾಧಾನಪಟ್ಟುಕೊಂಡೆ. ಹೆತ್ತು ಸಾಕಿದವಳಿಗೆ ಇಷ್ಟೂ ಹಕ್ಕಿಲ್ಲವೇ?

ಆ ಹಕ್ಕಿನ ಬಗ್ಗೆ ಈಗ ನನಗೆ ಅನುಮಾನ ಹುಟ್ಟಿತು. ಸ್ಟಾಫ್‌ರೂಮಿನಲ್ಲಿ ಹೇಳಿಕೊಂಡೆ. ಗಣಿತದ ಮೇಡಂ ಒಪ್ಪಲಿಲ್ಲ. “ಹಾಗಾದ್ರೆ ನಾನು ಆ ಹುಡುಗನ ಚೀಲ ನೋಡ್ಬಾರ್ದಿತ್ತಾ?” ಅವರ ಕ್ಲಾಸಿನ ಒಬ್ಬ ಎರಡು ವಾರದಿಂದ ಊಟ ಬಿಟ್ಟು ಮೂಲೆ ಹಿಡಿದಿದ್ದ. ಚೀಲದಲ್ಲಿ ಸಿಕ್ಕಿದ ಚೀಟಿಯಲ್ಲಿ ಇನ್ನು ಮನೆಗೆ ಹೋಗುವುದಿಲ್ಲ ಎಂದು ಬರೆದುಕೊಂಡಿದ್ದ. ಅಂದೇ ಅವನ ತಾಯಿಯನ್ನು ಕರೆಸಿದರು. ಈಗ ಡಿಪ್ಲೊಮಾ ಓದುತ್ತಿದ್ದಾನೆ. ಇದಕ್ಕೆ ನಾನೇನು ಉತ್ತರ ಕೊಡಲಿ?

ನನ್ನ ಡಬ್ಬಿಯೂ ಅವರ ಪರವೇ ಸಾಕ್ಷಿ ಹೇಳಿತು. ಆಯಾ ಪುಣ್ಯಾತ್ಗಿತ್ತಿ ಒಂದು ಗಿಡವನ್ನು ಹಳೆಯ ಪೇಂಟ್ ಡಬ್ಬಿಯಲ್ಲಿ ಉಳಿಸಿದ್ದಳು. ಅದರಿಂದ ಐದು ತುದಿ ತಂದು ಕ್ರಮದಂತೆ ನೆಟ್ಟೆ. (2016ರಲ್ಲಿ ನಮ್ಮ ರಾಜ್ಯದಲ್ಲಿ ಪ್ಲಾಸ್ಟಿಕ್ ಕೈಚೀಲ ನಿಷೇಧವಾದ ಮೇಲೆ ಒಳ್ಳೆಯ ಕವರು ಹುಡುಕುವುದೇ ಕಷ್ಟ, ಕೊನೆಗೆ ಬೀರುವಿನ ರೇಷ್ಮೆ ಸೀರೆಯೇ ತನ್ನ ಕವರು ಬಿಟ್ಟುಕೊಟ್ಟಿತು.) ಐದನೆಯ ದಿನ ಒಂದರ ಎಲೆ ಹಳದಿಯಾಗಿ ಬುಡ ಕಪ್ಪಾಯಿತು. ಹಾಗೇ ಬಿಟ್ಟರೆ ಕೊಳೆ ಪಕ್ಕದವಕ್ಕೂ ಹರಡುವುದು. ಕಿತ್ತೆ.

ಆದರೆ ಅದು ತಾನಾಗಿ ತೋರಿಸಿಕೊಂಡಿತ್ತು. ಮೂಲೆ ಹಿಡಿದ ಹುಡುಗನೂ ತೋರಿಸಿಕೊಂಡಿದ್ದ. ನನ್ನ ಮಗಳು ಏನು ತೋರಿಸಿದ್ದಳು? ತಿಂದುಂಡು ನಗುತ್ತಿದ್ದವಳ ದಿಂಬು ಎತ್ತಿಸಿದ್ದು ನನ್ನ ಭಯ. ನನಗೆ ನಿದ್ದೆ ಬರಲೆಂದು ಅವಳದನ್ನು ಓದಿದೆ. ಆ ಎಂಟು ಕಡ್ಡಿಗಳನ್ನು ಕಿತ್ತದ್ದೂ ಅವುಗಳ ಒಳ್ಳೆಯದಕ್ಕಲ್ಲ. ಹಾಗೆಂದು ಎಲ್ಲ ಭಯವೂ ಸುಳ್ಳೆಂದು ಹೇಳುವ ಧೈರ್ಯ ನನಗಿಲ್ಲ. ಏನನ್ನೂ ತೋರಿಸದೆ ಒಳಗೊಳಗೇ ಕೊಳೆಯುವ ಮಕ್ಕಳೂ ಇರುತ್ತಾರೆ. 28 ವರ್ಷದಲ್ಲಿ ಅಂಥ ಇಬ್ಬರನ್ನು ಕಂಡಿದ್ದೇನೆ, ತಡವಾಗಿ. ಅವರನ್ನು ನೆನೆದರೆ ನನ್ನ ಈ ಲೆಕ್ಕ ತಾಳೆಯಾಗುವುದಿಲ್ಲ.

ಮಗಳು ಈಗ ಪುಣೆಯಲ್ಲಿದ್ದಾಳೆ. ವಯಸ್ಸು ಮೂವತ್ತು ದಾಟಿದೆ. ಹೋದ ಭಾನುವಾರ ಫೋನಿನಲ್ಲಿ ಗಿಡದ ಕಥೆ ಹೇಳುತ್ತಾ ಹೇಳುತ್ತಾ ಡೈರಿಯ ವಿಷಯವನ್ನೂ ಹೇಳಿಬಿಟ್ಟೆ. ಎದೆ ಹೊಡೆದುಕೊಳ್ಳುತ್ತಿತ್ತು.

“ಗೊತ್ತಿತ್ತಮ್ಮ” ಎಂದಳು. “ರಿಬ್ಬನ್ನು ಬೇರೆ ಪುಟದಲ್ಲಿರ್ತಿತ್ತು.”

“ಮತ್ತೆ ಬರಿಯೋದು ನಿಲ್ಲಿಸ್ಲಿಲ್ವಲ್ಲೇ?”

“ನಿಲ್ಲಿಸಿದ್ರೆ ನಿನಗೆ ಇನ್ನೂ ಗಾಬರಿ ಆಗ್ತಿತ್ತು. ಅದಕ್ಕೆ, ನೀನು ಓದ್ಲಿ ಅಂತಾನೇ ಬರೀತಿದ್ದೆ.”

ಹಾಗಾದರೆ ಉಪ್ಪಿಟ್ಟು ಚೆನ್ನಾಗಿರಲಿಲ್ಲವೇ ಎಂದು ಕೇಳಬೇಕೆನಿಸಿತು. ಕೇಳಲಿಲ್ಲ. ಅವಳು ನಗುತ್ತಿದ್ದಳೋ ಇಲ್ಲವೋ ಫೋನಿನಲ್ಲಿ ತಿಳಿಯಲೂ ಇಲ್ಲ.

ಇವತ್ತಿಗೆ ಹದಿನೇಳು ದಿನ. ಕವರಿನ ಒಳಮೈಗೆಲ್ಲ ಹನಿ ಕಟ್ಟಿದೆ. ಬೆಳಿಗ್ಗೆ ಗಾಳಿಗೆಂದು ಎತ್ತಿದಾಗ ನಾಲ್ಕರಲ್ಲಿ ಒಂದರ ನೆತ್ತಿಯ ಮೇಲೆ ಸಾಸಿವೆಯಷ್ಟು ಹಸಿರು ಕಂಡಂತಾಯಿತು. ಹೊಸ ಎಲೆಯೋ, ನನ್ನ ಆಸೆಯೋ. ಕವರು ಮುಚ್ಚಿ ಕುಕ್ಕರ್ ಇಟ್ಟೆ.