‘ಒಲ್ಲೆ’ ಎನ್ನುವ ಸ್ವಾತಂತ್ರ್ಯ

2025ರ ಮಳೆಗಾಲದ ಕೊನೆಯ ದಿನಗಳು. ಜಯನಗರ ನಾಲ್ಕನೆಯ ಬ್ಲಾಕಿನಲ್ಲಿ ವೃದ್ಧ ತಾಯಿಯೊಬ್ಬರು ಔಷಧದ ಚೀಲ ಹಿಡಿದು ಆಟೋಗಾಗಿ ಕಾದಿದ್ದರು. ಜೆ.ಪಿ. ನಗರದ ಅವರ ಮನೆಗೆ ಸುಮಾರು ಮೂರು ಕಿಲೋಮೀಟರು. ಮೀಟರಿನ ಪ್ರಕಾರ 54 ರೂಪಾಯಿ. ಚಾಲಕ ಕೇಳಿದ್ದು 150. “ಬಲವಂತವಿಲ್ಲಮ್ಮ, ಇಷ್ಟವಿದ್ದರೆ ಬನ್ನಿ” ಎಂದ. ಮಳೆ ಜೋರಾಗುತ್ತಿತ್ತು. ಆಕೆ ಹತ್ತಿ ಕುಳಿತರು.

ಬಲವಂತವಿರಲಿಲ್ಲ, ನಿಜ. ಆದರೆ ಆ ಒಪ್ಪಿಗೆ ಸ್ವತಂತ್ರವಾಗಿತ್ತೇ?

ಸರ್ಕಾರ ದೂರ ಸರಿದು ನಿಂತರೆ ಕೊಳ್ಳುವವನೂ ಮಾರುವವನೂ ತಾವೇ ನ್ಯಾಯವಾದ ಬೆಲೆಯನ್ನು ಕಂಡುಕೊಳ್ಳುತ್ತಾರೆ ಎಂಬ ವಾದವಿದೆ. ಇದರಲ್ಲಿ ಸತ್ಯಾಂಶವಿಲ್ಲದಿಲ್ಲ. ಆದರೆ ಇಬ್ಬರಿಗೂ ‘ಒಲ್ಲೆ’ ಎನ್ನುವ ಶಕ್ತಿ ಇದ್ದಾಗ ಮಾತ್ರ ಅದು ಸತ್ಯ. ಕಾಯಬಲ್ಲವನು ಬೆಲೆ ಹೇಳುತ್ತಾನೆ, ಕಾಯಲಾರದವನು ತೆರುತ್ತಾನೆ.

ನಮ್ಮ ನಗರದ ಆಟೋಗಳ ಕಥೆಯೇ ಇದಕ್ಕೆ ಸಾಕ್ಷಿ. ಮೊಬೈಲ್ ಆ್ಯಪ್‌ಗಳು ಬಂದಾಗ ಚೌಕಾಸಿಯ ಕಾಟ ತಪ್ಪಿತೆಂದು ಹಿಗ್ಗಿದೆವು. ಆದರೆ 2022ರ ವೇಳೆಗೆ, ಎರಡು ಕಿಲೋಮೀಟರಿಗೆ ಸರ್ಕಾರಿ ದರ 30 ರೂಪಾಯಿ ಇದ್ದಾಗ, ಆ್ಯಪ್‌ಗಳು 100 ರೂಪಾಯಿ ಪಡೆಯುತ್ತಿವೆ ಎಂಬ ದೂರು ಎದ್ದಿತು. ದರ ಹೇಳುವವರು ಬೆರಳೆಣಿಕೆಯ ಕಂಪನಿಗಳಾಗಿದ್ದರು. ಆ ನವೆಂಬರಿನಲ್ಲಿ ಸರ್ಕಾರವು ಮೀಟರ್ ದರದ ಮೇಲೆ ಶೇಕಡಾ 5ರ ಸೇವಾಶುಲ್ಕ ಮತ್ತು ಜಿಎಸ್‌ಟಿ ಮಾತ್ರ ಎಂದು ಮಿತಿ ವಿಧಿಸಿತು. 2024ರಲ್ಲಿ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಅದೇ 2022ರಲ್ಲಿ ಚಾಲಕರ ಸಂಘದ ಬೆಂಬಲದೊಂದಿಗೆ, ಕಮಿಷನ್ ಪಡೆಯದ ‘ನಮ್ಮ ಯಾತ್ರಿ’ ಆರಂಭವಾಯಿತು. ಕೆಲವು ವರ್ಷಗಳಲ್ಲಿ ದೊಡ್ಡ ಕಂಪನಿಗಳೂ ಆಟೋ ಚಾಲಕರಿಗೆ ಕಮಿಷನ್ ಬಿಟ್ಟು ಚಂದಾ ಪದ್ಧತಿಗೆ ಬಂದವು. ಹೀಗೆ ನಿಯಮವೂ ಪೈಪೋಟಿಯೂ ತಮ್ಮ ತಮ್ಮ ಕೆಲಸ ಮಾಡಿದವು.

ಹಾಗೆಂದು ನಿಯಮವೆಲ್ಲವೂ ನ್ಯಾಯವಲ್ಲ. 2021ರ ಡಿಸೆಂಬರಿನಲ್ಲಿ ನಿಗದಿಯಾದ ಮೀಟರ್ ದರ ಮತ್ತೆ ಏರಿದ್ದು 2025ರ ಆಗಸ್ಟಿನಲ್ಲಿ: ಮೊದಲ ಎರಡು ಕಿಲೋಮೀಟರಿಗೆ 36, ಆಮೇಲೆ ಪ್ರತಿ ಕಿಲೋಮೀಟರಿಗೆ 18 ರೂಪಾಯಿ. ಆ ಮೂರೂವರೆ ವರ್ಷ ಚಾಲಕನ ಮನೆಯ ಬಾಡಿಗೆ, ಮಕ್ಕಳ ಶಾಲಾ ಶುಲ್ಕ ನಿಂತಿರಲಿಲ್ಲ. ಬಾಡಿಗೆ ಆಟೋ ಓಡಿಸುವವನಂತೂ ದಿನದ ಬಾಡಿಗೆ ತೆತ್ತ ಮೇಲೆಯೇ ತನ್ನ ಅನ್ನ ದುಡಿಯಬೇಕು. ಮಳೆಯಲ್ಲಿ 150 ಕೇಳಿದವನಿಗೂ ಉಳಿದ ದಿನಗಳಲ್ಲಿ ‘ಒಲ್ಲೆ’ ಎನ್ನುವ ಶಕ್ತಿ ಇಲ್ಲದಿರಬಹುದು.

ಕಾರ್ಮಿಕನು ಹಸಿವಿಗೆ ಅಂಜಿ ಅಲ್ಪ ಕೂಲಿಗೆ ಒಪ್ಪಿದರೆ, ಆ ಒಪ್ಪಿಗೆಯಿಂದ ಅನ್ಯಾಯವು ನ್ಯಾಯವಾಗದೆಂದು ಜಗದ್ಗುರು ಹದಿಮೂರನೆಯ ಲಿಯೋ 1891ರ ‘ರೇರುಂ ನೊವಾರುಂ’ ವಿಶ್ವಪತ್ರದಲ್ಲಿ ಬೋಧಿಸಿದರು. ನೂರು ವರ್ಷಗಳ ನಂತರ, 1991ರಲ್ಲಿ, ಜಗದ್ಗುರು ಎರಡನೆಯ ಜಾನ್ ಪಾಲ್ ಮಾರುಕಟ್ಟೆಯ ಸತ್ತ್ವವನ್ನು ಒಪ್ಪಿಕೊಂಡರು. ಆದರೆ ಅದು ದೃಢವಾದ ಕಾನೂನಿನ ಚೌಕಟ್ಟಿನೊಳಗಿದ್ದು ಇಡೀ ಮಾನವನ ಸ್ವಾತಂತ್ರ್ಯಕ್ಕೆ ಸೇವೆ ಸಲ್ಲಿಸಬೇಕೆಂದರು. ಪ್ರವಾದಿ ಆಮೋಸರು ಅಳತೆಯನ್ನು ಕಿರಿದು ಮಾಡಿ ತಕ್ಕಡಿಯಲ್ಲಿ ಮೋಸ ಮಾಡುವ ವರ್ತಕರನ್ನು ಖಂಡಿಸಿದ್ದೂ ಇದಕ್ಕಾಗಿಯೇ. ತಕ್ಕಡಿ ಇಬ್ಬರಿಗೂ ಸೇರಿದ್ದು. ಒಬ್ಬನ ಕೈವಶವಾದರೆ ಅದು ವ್ಯಾಪಾರವಾಗಿ ಉಳಿಯದು. ನಿಯಮವೂ ಇಲ್ಲದ, ಏಕಸ್ವಾಮ್ಯವೂ ಇಲ್ಲದ ಮಾರುಕಟ್ಟೆ ನನಗೆ ಎಲ್ಲಿಯೂ ಕಾಣುವುದಿಲ್ಲ. ಎಲ್ಲರಿಗೂ ಸೇರಿದ ನಿಯಮ ತೆರವಾದಲ್ಲಿ ಬಲಾಢ್ಯನ ನಿಯಮ ಬಂದು ಕೂರುತ್ತದೆ.

ಪ್ರಿಯ ಓದುಗರೇ, ಒಂದು ತಪ್ಪೊಪ್ಪಿಗೆ. ಕೆಲವು ವಾರಗಳ ನಂತರ ಸಭೆಯೊಂದಕ್ಕೆ ತಡವಾಗಿ, ನಾನೂ ಫೋನಿನಲ್ಲಿ 40 ರೂಪಾಯಿ ಹೆಚ್ಚು ಕೊಡುವೆನೆಂದು ಒತ್ತಿದೆ. ಆಟೋ ಕೂಡಲೇ ಬಂತು. ಅದೇ ರಸ್ತೆಯಲ್ಲಿ ನನಗಿಂತ ಮೊದಲೇ ಕಾಯುತ್ತಿದ್ದ ದಂಪತಿಗಳು ಅಲ್ಲಿಯೇ ನಿಂತಿದ್ದರು. ನಾನು ಕಾನೂನು ಮುರಿಯಲಿಲ್ಲ, ಯಾರನ್ನೂ ವಂಚಿಸಲಿಲ್ಲ. ಆದರೂ ಅವರ ಮುಖ ನೋಡಲಾಗಲಿಲ್ಲ.

ಕಾನೂನು ಮೀಟರಿಗೆ ಮೊಹರು ಹಾಕಬಲ್ಲದು. ನಮ್ಮ ಅವಸರಕ್ಕೆ ಮೊಹರು ಹಾಕಬೇಕಾದವರು ನಾವೇ.